ಕೊಳೆ ಹುಟ್ಟೋ ಜಾಗದಲ್ಲೇ ತಡೆಯೋಣ

 

ನನಗೆ ಕೊಟ್ಟಿರುವ ವಿಷಯ ಕೈಗಾರಿಕೆ ಮತ್ತು ಪರಿಸರ. ಇದನ್ನು ಕೇಳಿದ ತಕ್ಷಣ ಒಬ್ಬ ಅಣ್ಣ, "ನಮಗ್ಯಾಕಪ್ಪ ಪರಿಸರ? ನಮಗೆ ಬೇಕಾಗಿರೋದು ಕೆಲಸ" ಅಂದರು. ಆ ಮಾತನ್ನ ನಾನು ತಳ್ಳಿಹಾಕಲ್ಲ. ಹೊಸೂರಿಗೆ ಸಿಪ್ಕಾಟ್ ಬಂದ ಮೇಲೆ ನಮ್ಮ ಎಷ್ಟೋ ಮನೆಗಳ ಒಲೆ ಉರಿದದ್ದು ಕಂಪನಿ ಸಂಬಳದಿಂದಲೇ. ಇನ್ನೊಬ್ಬರ ಹೊಲದಲ್ಲಿ ಬಗ್ಗಿದ್ದ ಬೆನ್ನು ನೆಟ್ಟಗಾದದ್ದೂ ಅದರಿಂದಲೇ. ಹಾಗಾಗಿ ಕಂಪನಿ ಮುಚ್ಚಿ ಅಂತ ಹೇಳೋಕೆ ನಾನು ನಿಂತಿಲ್ಲ. ಕಂಪನಿ ಇರಬೇಕು, ಕೆಲಸ ಇರಬೇಕು. ಆದರೆ ಅದರ ಕೊಳೆ ನಮ್ಮ ಪಾಲಿಗೆ ಯಾಕೆ ಬರಬೇಕು ಅನ್ನೋದೇ ನನ್ನ ಪ್ರಶ್ನೆ.

ಮಳೆ ಬಂದು ನೀರು ಬಿಟ್ಟಾಗ ಕೆಲವರಪಳ್ಳಿ ಅಣೆಕಟ್ಟಿನ ಹತ್ತಿರ ಹೋಗಿ ನೋಡಿ. ಹತ್ತಿ ರಾಶಿ ಹಾಕಿದ ಹಾಗೆ ಬಿಳಿ ನೊರೆ. ನಂದಿ ಬೆಟ್ಟದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವ ಭಾಗದ ಚರಂಡಿ ನೀರು, ಸೋಪಿನ ನೀರು, ಕಾರ್ಖಾನೆ ನೀರು ಎಲ್ಲವನ್ನೂ ಹೊತ್ತು ನಮ್ಮ ಕಡೆ ಬರುತ್ತೆ. ನದಿಗೆ ರಾಜ್ಯದ ಗಡಿ ಗೊತ್ತಿಲ್ಲ. ಅಲ್ಲಿ ಕನ್ನಡದವರು ಬಿಟ್ಟ ಕೊಳೆ ಇಲ್ಲಿ ಕನ್ನಡದವರ ಹೊಲಕ್ಕೇ ಬರುತ್ತೆ. ಅದಕ್ಕೇ ಈ ಸಮಸ್ಯೆ ಒಂದು ಊರಿನಲ್ಲಿ, ಒಂದು ರಾಜ್ಯದಲ್ಲಿ ಮುಗಿಯೋದಲ್ಲ. ಇಡೀ ದೇಶಕ್ಕೆ ಒಂದೇ ದಾರಿ ಬೇಕು.

1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ನೀರು ಎಲ್ಲರದ್ದು ಅಂತ ತೋರಿಸಿದರು. ಅಷ್ಟು ಕಷ್ಟಪಟ್ಟು ಪಡೆದ ನೀರು ಇವತ್ತು ಮುಟ್ಟೋಕೇ ಆಗದ ಹಾಗೆ ಕೆಟ್ಟರೆ, ಆ ಹಕ್ಕಿಗೆ ಏನು ಅರ್ಥ?

ಇನ್ನೊಂದು ಮಾತು. ಕೊಳೆಯ ಹತ್ತಿರ ನಿಲ್ಲೋರು ಯಾರು? 2015ರ ಜನವರಿ 31ರಂದು ರಾಣಿಪೇಟೆಯ ಸಿಪ್ಕಾಟ್‌ನಲ್ಲಿ ಚರ್ಮದ ಕಾರ್ಖಾನೆಗಳ ಕೊಳಚೆ ತುಂಬಿದ್ದ ತೊಟ್ಟಿಯ ಗೋಡೆ ಕುಸಿಯಿತು. ಪಕ್ಕದಲ್ಲೇ ಮಲಗಿದ್ದ 10 ಜನ ಕೆಸರಿನಲ್ಲಿ ಸತ್ತರು. ಅವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ದೂರದಿಂದ ಬಂದಿದ್ದ ಕೂಲಿಕಾರರು. ಮಾಲೀಕರು ಯಾರೂ ಕೊಳಚೆ ತೊಟ್ಟಿಯ ಪಕ್ಕ ಮಲಗಲ್ಲ. ತೊಟ್ಟಿ ತೊಳೆಯೋಕೆ ಕಾಂಟ್ರಾಕ್ಟರ್ ಹುಡುಕಿಕೊಂಡು ಬರೋದೂ ನಮ್ಮಂಥ ಕೇರಿಗಳಿಗೇ.

ಹಾಗಾದರೆ ದಾರಿ ಏನು? ಕೊಳೆ ಹುಟ್ಟಿದ ಮೇಲೆ ಶುದ್ಧ ಮಾಡೋದು ಒಂದು ದಾರಿ. ಹುಟ್ಟದ ಹಾಗೆ ನೋಡಿಕೊಳ್ಳೋದು ಅದಕ್ಕಿಂತ ಒಳ್ಳೇ ದಾರಿ. ಇದೇನು ದೊಡ್ಡ ವಿದ್ಯೆ ಅಲ್ಲ, ನಮ್ಮ ಅಮ್ಮಂದಿರಿಗೆ ಗೊತ್ತಿರೋದೇ. ನೀರಿಲ್ಲದ ಬೇಸಿಗೆಯಲ್ಲಿ ಅವರು ಮೂರು ಪಾತ್ರೆಯಲ್ಲಿ ನೀರಿಟ್ಟುಕೊಂಡು ತಟ್ಟೆ ತೊಳೀತಾರೆ. ಮೊದಲನೇದರಲ್ಲಿ ಎಂಜಲು ಹೋಗುತ್ತೆ, ಎರಡನೇದರಲ್ಲಿ ಸೋಪು, ಮೂರನೇದರಲ್ಲಿ ಶುದ್ಧ. ಮೂರನೇ ಪಾತ್ರೆಯ ನೀರನ್ನ ಚೆಲ್ಲದೆ ಎರಡನೇದಕ್ಕೆ, ಎರಡನೇದನ್ನ ಮೊದಲನೇದಕ್ಕೆ ಬಳಸ್ತಾರೆ.

ವಾಹನದ ಬಿಡಿಭಾಗಗಳಿಗೆ ಸತು, ಕ್ರೋಮಿಯಂ ಲೇಪ ಹಾಕುವ ಪ್ಲೇಟಿಂಗ್ ಘಟಕದಲ್ಲೂ ಇದೇ ಲೆಕ್ಕ. ದ್ರಾವಣದಿಂದ ಎತ್ತಿದ ಭಾಗವನ್ನ ಸ್ವಲ್ಪ ಹೊತ್ತು ತೊಟ್ಟಿಯ ಮೇಲೇ ಹಿಡಿದರೆ ರಾಸಾಯನಿಕ ಅಲ್ಲೇ ತೊಟ್ಟಿಕ್ಕುತ್ತೆ. ತೊಳೆಯುವ ತೊಟ್ಟಿಗಳನ್ನ ಸಾಲಾಗಿ ಇಟ್ಟು, ನೀರನ್ನ ಕೊನೆಯಿಂದ ಮೊದಲಿಗೆ ಹರಿಸಿದರೆ ನೀರು ಬಹಳ ಕಡಿಮೆ ಸಾಕು. ಮಾಲೀಕನಿಗೆ ರಾಸಾಯನಿಕದ ಖರ್ಚು ಉಳಿಯುತ್ತೆ, ಕೆಲಸಗಾರನ ಕೈ ಉಳಿಯುತ್ತೆ, ಕೆರೆಯೂ ಉಳಿಯುತ್ತೆ.

"ಇದೆಲ್ಲ ಮಾಡಿದರೆ ಕಂಪನಿ ಓಡಿಹೋಗುತ್ತೆ" ಅನ್ನೋರಿಗೆ ತಿರುಪ್ಪೂರಿನ ಕಥೆ ಹೇಳ್ತೀನಿ. ಬಣ್ಣ ಹಾಕುವ ಘಟಕಗಳ ನೀರಿನಿಂದ ನೊಯ್ಯಲ್ ನದಿ ಹಾಳಾಯಿತು. ವರ್ಷಗಟ್ಟಲೆ ವಾಯಿದೆ ಹೇಳಿದ ಮೇಲೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನ ಮುಚ್ಚಿಸಿತು. ಆಗ ಬೀದಿಗೆ ಬಂದವರು ಕೂಲಿಕಾರರು. ಆಮೇಲೆ ನೀರನ್ನ ಹೊರಗೆ ಬಿಡದೆ, ಶುದ್ಧ ಮಾಡಿ ಮತ್ತೆ ಅದನ್ನೇ ಬಳಸುವ ವ್ಯವಸ್ಥೆ ಮಾಡಿಕೊಂಡವರು ಬಾಗಿಲು ತೆರೆದರು. ತಿರುಪ್ಪೂರು ಇವತ್ತಿಗೂ ಬನಿಯನ್ ಮಾಡುತ್ತಿದೆ, ರಫ್ತು ಮಾಡುತ್ತಿದೆ. ಅಂದರೆ ಅಲ್ಲಿ ಕೆಲಸ ಕಿತ್ತುಕೊಂಡದ್ದು ಶುದ್ಧತೆ ಅಲ್ಲ, ಅದನ್ನ ಮುಂದಕ್ಕೆ ಹಾಕಿದ್ದು.

ದೇಶದಲ್ಲಿ ಕಾನೂನು ಇಲ್ಲ ಅಂತಲ್ಲ. 1974ರಲ್ಲಿ ಜಲ ಮಾಲಿನ್ಯ ಕಾಯ್ದೆ ಬಂತು. ಭೋಪಾಲ್ ದುರಂತದ ನಂತರ 1986ರಲ್ಲಿ ಪರಿಸರ ಕಾಯ್ದೆ ಬಂತು. ಪಾಲಾರ್ ನದಿ ಕೆಡಿಸಿದ ವೆಲ್ಲೂರು ಚರ್ಮೋದ್ಯಮದ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಕೆಡಿಸಿದವನೇ ದಂಡ ತೆರಬೇಕು ಎಂದು ತೀರ್ಪು ಕೊಟ್ಟಿತು. ಆದರೆ ದಂಡ ಹಾಕೋದು ಕೆಟ್ಟ ಮೇಲೆ. ಕೆಡದ ಹಾಗೆ ಮಾಡೋಕೆ ಸಣ್ಣ ಘಟಕಗಳಿಗೆ ದುಡ್ಡು ಬೇಕು, ತಿಳುವಳಿಕೆ ಬೇಕು. ಅದಕ್ಕಾಗಿ ಕೇಂದ್ರ ಸರ್ಕಾರದ 'ಝೆಡ್' ಯೋಜನೆ ಇದೆ. ಮಾಲಿನಲ್ಲಿ ದೋಷ ಇರಬಾರದು, ಪರಿಸರಕ್ಕೆ ಹಾನಿ ಆಗಬಾರದು ಅನ್ನೋದು ಅದರ ಗುರಿ. ಪರಿಶಿಷ್ಟ ಜಾತಿ, ಪಂಗಡದವರ ಘಟಕಗಳಿಗೆ ಪ್ರಮಾಣಪತ್ರದ ಖರ್ಚಿನಲ್ಲಿ ಹೆಚ್ಚಿನ ಸಬ್ಸಿಡಿಯೂ ಇದೆ. ಸರ್ಕಾರಿ ಖರೀದಿಯಲ್ಲಿ ನಮ್ಮವರ ಸಣ್ಣ ಉದ್ಯಮಗಳಿಗೆ ಶೇಕಡ 4 ಮೀಸಲಿದೆ. ಸರ್ಕಾರ ಕೊಳ್ಳುವಾಗ ಬೆಲೆ ಜೊತೆ ಶುದ್ಧತೆಯನ್ನೂ ನೋಡಿದರೆ ಕಾರ್ಖಾನೆಗಳು ತಾವಾಗಿ ಬದಲಾಗುತ್ತವೆ. ಸರ್ಕಾರಕ್ಕಿಂತ ದೊಡ್ಡ ಗಿರಾಕಿ ಯಾರಿದ್ದಾರೆ?

ಕೊನೆಗೆ ನಮ್ಮ ಸಂಘಕ್ಕೆ ನನ್ನ ಮೂರು ಮನವಿ. ಒಂದು, ಐಟಿಐ, ಡಿಪ್ಲೊಮಾ ಓದೋ ತಮ್ಮ ತಂಗಿಯರು ನೀರು ಶುದ್ಧೀಕರಣ, ವಿದ್ಯುತ್ ಉಳಿತಾಯದ ಕೆಲಸ ಕಲಿಯಲಿ. ತೊಟ್ಟಿಗೆ ಇಳಿಯೋ ಕೆಲಸ ಬೇಡ, ತೊಟ್ಟಿಯನ್ನ ನಡೆಸೋ ಕೆಲಸ ಬೇಕು. ಎರಡು, ಗಾಳಿ ಪರೀಕ್ಷೆ ಮಾಡದೆ, ಬೆಲ್ಟು ಹಗ್ಗ ಇಲ್ಲದೆ ಯಾರನ್ನೂ ವಿಷದ ಗಾಳಿ ಇರುವ ತೊಟ್ಟಿಗೆ ಇಳಿಸಬಾರದು ಅನ್ನೋದು 1948ರ ಕಾರ್ಖಾನೆ ಕಾಯ್ದೆಯ ಕಾಲದ ನಿಯಮ. ಅದು ನಮ್ಮ ಕೇರಿಯ ಪ್ರತಿ ಮನೆಗೂ ಗೊತ್ತಿರಲಿ. ಎಷ್ಟೇ ಕೂಲಿ ಕೊಡ್ತೀನಿ ಅಂದರೂ ಹಾಗೆ ಇಳಿಯೋದು ಬೇಡ. ಮೂರು, ಹೊಸ ಕಾರ್ಖಾನೆಗೆ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಹಿಂದಿನ ಸಾಲಿನಲ್ಲಿ ಕೂತು ಎದ್ದು ಬರಬೇಡಿ. "ಎಷ್ಟು ಕೆಲಸ ಕೊಡ್ತೀರಿ?" ಅಂತ ಕೇಳೋದರ ಜೊತೆಗೆ "ನೀರು ಎಲ್ಲಿಗೆ ಬಿಡ್ತೀರಿ?" ಅಂತಲೂ ಕೇಳಿ.

ಈ ಎರಡು ಪ್ರಶ್ನೆ ಒಟ್ಟಿಗೇ ಕೇಳಬೇಕು ಅಣ್ಣಂದಿರೇ. ಒಂದನ್ನ ಬಿಟ್ಟು ಇನ್ನೊಂದನ್ನ ಕೇಳಿದರೆ ನಮ್ಮ ಮನೇನೇ ನಷ್ಟದಲ್ಲಿರುತ್ತೆ.