ನೀರುಗಂಟಿಯ ಹೆಚ್ಚುವರಿ ಗಂಟೆ

(ರಜತ ಮಹೋತ್ಸವದ ಸಭೆಯಲ್ಲಿ ಆಡಿದ ಮಾತು)



ನಮ್ಮ ಗುಂಡ್ಲುಪೇಟೆ ಸೀಮೆಯಲ್ಲಿ ಕರೆಂಟು ನಡುರಾತ್ರಿ ಬಂದರೂ ಪಂಚಾಯಿತಿ ನೀರುಗಂಟಿ ಎದ್ದು ಹೋಗಿ ಮೋಟರು ಹಾಕಬೇಕು. ಬೆಳಿಗ್ಗೆ ನಾವು ಕೊಡ ತುಂಬಿಕೊಳ್ಳುತ್ತೇವೆ. ಆ ಹೊತ್ತಿನ ಕೂಲಿ ಯಾರು ಬರೆದಿಟ್ಟರು?

ಇದು ದಯೆ ದಾಕ್ಷಿಣ್ಯದ ಮಾತಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಯಲ್ಲೇ ಸ್ಥಳೀಯ ಸಂಸ್ಥೆಗಳ ಕೆಲಸವೂ ಸೇರಿತ್ತು. 2019ರ ವೇತನ ಸಂಹಿತೆಯೂ, ಕನಿಷ್ಠ ವೇತನ ಗೊತ್ತುಮಾಡಿದ ಕೆಲಸಗಾರರು ದಿನದ ಹೊತ್ತು ಮೀರಿ ದುಡಿದರೆ ದುಪ್ಪಟ್ಟಿಗೆ ಕಡಿಮೆಯಿಲ್ಲದಂತೆ ಕೊಡಬೇಕೆನ್ನುತ್ತದೆ. ಗಂಟೆಗೆ 50 ರೂಪಾಯಿ ಅಂತಿಟ್ಟುಕೊಳ್ಳಿ, ಹೆಚ್ಚಿನ 2 ಗಂಟೆಗೆ 200 ಆಯಿತು.

ಆದರೆ ಬರೆಯದ ಗಂಟೆಗೆ ಬಟವಾಡೆ ಇಲ್ಲ. ಸಂಘಕ್ಕೆ ಕಟ್ಟಿದ ಒಂದೊಂದು ರೂಪಾಯಿಯನ್ನೂ ಪಾಸ್‌ಬುಕ್ಕಿಗೆ ಹತ್ತಿಸಿಕೊಳ್ಳುತ್ತೇವೆ ತಾನೆ? ಹಾಗೇ ಅವರ ಗಂಟೆಯೂ ಹಾಜರಿ ಪುಸ್ತಕಕ್ಕೆ ಹತ್ತಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ನಾವೇ ಕೇಳೋಣ.