ಒಡೆದ ದೇಶ, ಮುಗಿಯದ ಯುದ್ಧ



ಒಮ್ಮೆ ಚಿತ್ರೀಕರಣಕ್ಕೆಂದು ಖಾನಾಪುರದ ಹೆಂಚಿನ ಕಾರ್ಖಾನೆಯೊಂದಕ್ಕೆ ಹೋಗಿದ್ದೆವು. ಹಿರಿಯ ಕೆಲಸಗಾರರೊಬ್ಬರು ಭಟ್ಟಿಯಿಂದ ಬಂದ ಹೆಂಚುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಗಟ್ಟಿ ಹೆಂಚು ಟಣ್ ಎನ್ನುತ್ತದೆ. ಬಿರುಕಿದ್ದರೆ ಸದ್ದು ಬೊದ್ದಾಗುತ್ತದೆ. "ಬಿರುಕು ಕಣ್ಣಿಗೆ ಕಾಣಂಗಿಲ್ರಿ, ಮಳಿಗೆ ಕಾಣತೈತಿ" ಎಂದರು ಅವರು.

ಅದೇ ಸಂಜೆ ಬೆಳಗಾವಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಚರ್ಚೆಯನ್ನು ಮುದ್ರಿಸಿಕೊಳ್ಳುತ್ತಿದ್ದೆವು. ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಉಗ್ರರನ್ನು ಸೋಲಿಸಿದ ಮೇಲೂ ಕೆಲವು ದೇಶಗಳಲ್ಲಿ ಯುದ್ಧ ಯಾಕೆ ಮುಗಿಯುವುದಿಲ್ಲ?" ಎಂದು ಕೇಳಿದಳು. ಅಷ್ಟರಲ್ಲಿ ನಮ್ಮ ಸಮಯ ಮುಗಿದಿತ್ತು. ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡಲು ಪ್ರಯತ್ನಿಸುತ್ತೇನೆ. ಉದಾಹರಣೆಗೆ ಲಿಬಿಯಾ ದೇಶವನ್ನು ಆರಿಸಿಕೊಂಡಿದ್ದೇನೆ. ಏಕೆಂದರೆ ಆ ಕಥೆಯಲ್ಲಿ ನಮ್ಮ ನಾಡಿನವರೂ ಇದ್ದಾರೆ.

2015ರ ಜುಲೈ 29. ಲಿಬಿಯಾದ ಸಿರ್ತ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ನಾಲ್ವರು ಭಾರತೀಯರು ತಾಯ್ನಾಡಿಗೆ ಹೊರಟಿದ್ದರು. ದಾರಿಯ ತಪಾಸಣಾ ಠಾಣೆಯೊಂದರಲ್ಲಿ ಶಸ್ತ್ರಧಾರಿಗಳು ಅವರನ್ನು ತಡೆದು ಕರೆದೊಯ್ದರು. ಆಗ ಸಿರ್ತ್ ನಗರ ಐಸಿಸ್ ಸಂಘಟನೆಯ ಹಿಡಿತದಲ್ಲಿತ್ತು. ನಾಲ್ವರಲ್ಲಿ ಇಬ್ಬರು ಕರ್ನಾಟಕದವರು. ಎರಡು ದಿನಗಳ ನಂತರ ಆ ಇಬ್ಬರ ಬಿಡುಗಡೆಯಾಯಿತು. ಶಿಕ್ಷಕರೆಂದು ತಿಳಿದ ಮೇಲೆ ತಮ್ಮನ್ನು ಬಿಟ್ಟರೆಂಬ ಮಾತು ಆಗ ಪತ್ರಿಕೆಗಳಲ್ಲಿ ಬಂತು. ಕೇಳಲು ಸಮಾಧಾನವೆನಿಸುತ್ತದೆ. ಆದರೆ ಉಳಿದ ಇಬ್ಬರೂ ಶಿಕ್ಷಕರೇ ಆಗಿದ್ದರು. ಅವರ ಬಿಡುಗಡೆಯಾದದ್ದು 2016ರ ಸೆಪ್ಟೆಂಬರಿನಲ್ಲಿ, ಒಂದು ವರ್ಷ ಕಳೆದ ಮೇಲೆ. ಒಂದೇ ದಾರಿ, ಒಂದೇ ವೃತ್ತಿ. ಇಬ್ಬರಿಗೆ ಎರಡು ದಿನ, ಇಬ್ಬರಿಗೆ ಹದಿಮೂರು ತಿಂಗಳು. ಕಾನೂನು ಇಲ್ಲದ ಊರಿನಲ್ಲಿ ಮನುಷ್ಯನ ಪ್ರಾಣ ಬಂದೂಕು ಹಿಡಿದವನ ಮರ್ಜಿಯ ಮೇಲೆ ನಿಂತಿರುತ್ತದೆ.

ನಾನು ವಿಜ್ಞಾನ ಓದಿದವನು. ಯಾವುದು ಮೊದಲು ನಡೆಯಿತು, ಯಾವುದು ಅನಂತರ ಎಂದು ನೋಡುವ ಅಭ್ಯಾಸ ನನಗೆ. ಲಿಬಿಯಾವನ್ನು ಒಡೆದದ್ದು ಐಸಿಸ್ಸೇ? ಅಲ್ಲ.

ಅಲ್ಲಿ ಧರ್ಮದ ಹೆಸರಿನಲ್ಲಿ ಶಸ್ತ್ರ ಹಿಡಿದವರು 1990ರ ದಶಕದಲ್ಲೇ ಇದ್ದರು. ಕರ್ನಲ್ ಗಡಾಫಿ ಅವರನ್ನು ದಮನಿಸಿದ. ಆದರೆ 1969ರಿಂದ 42 ವರ್ಷ ಆಳಿದ ಆತ ಜನ ನಂಬಬಹುದಾದ ಸಂಸ್ಥೆಗಳನ್ನು ಬೆಳೆಯಗೊಡಲಿಲ್ಲ. 2011ರ ದಂಗೆಯಲ್ಲಿ ಆತ ಸತ್ತಾಗ ಊರೂರಿನಲ್ಲಿ ಸಶಸ್ತ್ರ ಪಡೆಗಳು ಉಳಿದವು. ಅವು ಸರ್ಕಾರದ ಬೊಕ್ಕಸದಿಂದಲೇ ಸಂಬಳ ಪಡೆದವು, ಆದರೆ ಸರ್ಕಾರದ ಮಾತು ಕೇಳಲಿಲ್ಲ. 2014ರ ಚುನಾವಣೆಯ ನಂತರ ದೇಶ ಎರಡಾಯಿತು. ಪಶ್ಚಿಮದ ಟ್ರಿಪೊಲಿಯಲ್ಲಿ ಒಂದು ಆಡಳಿತ, ಪೂರ್ವದ ಟೊಬ್ರುಕ್‌ನಲ್ಲಿ ಇನ್ನೊಂದು. ಕೇಂದ್ರ ಬ್ಯಾಂಕು ಕೂಡ ಇಬ್ಭಾಗವಾಯಿತು. ಪೂರ್ವದವರು ರಷ್ಯಾದಲ್ಲಿ ಬೇರೆಯೇ ನೋಟು ಅಚ್ಚು ಹಾಕಿಸಿದರು.

ಈ ಎರಡು ಬಣಗಳ ನಡುವಿನ ಬಿರುಕಿನಲ್ಲಿ ಸಿರ್ತ್ ಇತ್ತು. 2015ರಲ್ಲಿ ಐಸಿಸ್ ಅಲ್ಲಿಗೆ ಇಳಿಯಿತು. ಮಳೆ ಹೆಂಚನ್ನು ಸೀಳುವುದಿಲ್ಲ; ಸೀಳಿದ್ದನ್ನು ಹುಡುಕಿಕೊಳ್ಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಜಿಹಾದ್ ಎಂಬ ಅರಬ್ಬಿ ಪದದ ಮೂಲಾರ್ಥ ಪ್ರಯಾಸ, ಪರಿಶ್ರಮ ಎಂದು. ಆ ಪದವನ್ನು ಬಾವುಟ ಮಾಡಿಕೊಂಡವರು 2015ರಲ್ಲಿ ಈಜಿಪ್ಟಿನ ಕ್ರೈಸ್ತ ಕೂಲಿಕಾರರ ಕತ್ತು ಕೊಯ್ದರು. ತಮ್ಮನ್ನು ವಿರೋಧಿಸಿದ ಮುಸ್ಲಿಮರನ್ನೂ ಬಿಡಲಿಲ್ಲ. ಅದೇ ಆಗಸ್ಟಿನಲ್ಲಿ ಅವರ ವಿರುದ್ಧ ಎದ್ದವರು ಸಿರ್ತ್‌ನ ನಿವಾಸಿಗಳು, ಅವರೂ ಮುಸ್ಲಿಮರೇ. ಆ ದಂಗೆಯನ್ನು ರಕ್ತದಲ್ಲಿ ಅದ್ದಲಾಯಿತು. 2016ರಲ್ಲಿ ಮುಖ್ಯವಾಗಿ ಮಿಸ್ರಾತಾ ನಗರದ ಪಡೆಗಳು, ಅಮೆರಿಕದ ವಿಮಾನ ದಾಳಿಯ ನೆರವಿನಿಂದ, ಏಳು ತಿಂಗಳು ಹೋರಾಡಿ ಡಿಸೆಂಬರಿನಲ್ಲಿ ಸಿರ್ತ್‌ಅನ್ನು ಬಿಡಿಸಿದವು. ಸುಮಾರು 700 ಯೋಧರು ಪ್ರಾಣ ತೆತ್ತರು.

ಗೆದ್ದರು. ಯುದ್ಧ ಮುಗಿಯಿತೇ? ಉಳಿದ ಉಗ್ರರು ದಕ್ಷಿಣದ ಮರುಭೂಮಿಗೆ ಸರಿದರು. 2018ರ ಮೇ ತಿಂಗಳಲ್ಲಿ ಟ್ರಿಪೊಲಿಯ ಚುನಾವಣಾ ಆಯೋಗದ ಕಚೇರಿಯ ಮೇಲೆ ಐಸಿಸ್ ಆತ್ಮಾಹುತಿ ದಾಳಿ ನಡೆಸಿತು. ಗುರಿಯನ್ನು ಗಮನಿಸಿ: ಮತದಾರರ ಪಟ್ಟಿ ಇಡುವ ಕಚೇರಿ. ಬಿರುಕು ಮುಚ್ಚುವ ಗಾರೆ ಎಲ್ಲಿ ತಯಾರಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. 2019ರಲ್ಲಿ ಎರಡು ಬಣಗಳೇ ಟ್ರಿಪೊಲಿಗಾಗಿ ಕಾದಾಡಿದವು. 2020ರ ಅಕ್ಟೋಬರಿನಲ್ಲಿ ಕದನವಿರಾಮವಾಯಿತು. 2021ರ ಡಿಸೆಂಬರಿಗೆ ಗೊತ್ತುಮಾಡಿದ್ದ ಚುನಾವಣೆ ನಡೆಯಲೇ ಇಲ್ಲ.

ಆ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟೇ: ಉಗ್ರರನ್ನು ಸೋಲಿಸಲು ಸೈನ್ಯ ಬೇಕು. ಯುದ್ಧ ಮುಗಿಯಲು, ಜಗಳವಾಡುವ ಇಬ್ಬರೂ ಒಪ್ಪುವ ಒಂದು ನ್ಯಾಯಾಲಯ, ಒಂದು ಮತಪೆಟ್ಟಿಗೆ, ಒಂದು ಬೊಕ್ಕಸ ಬೇಕು.

ಬೆಳಗಾವಿ, ಖಾನಾಪುರಗಳ ಮಕ್ಕಳಿಗೆ ಇದು ದೂರದ ಮಾತಲ್ಲ. ಒಂದೇ ಪೇಟೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಕೇಳಿ ಬೆಳೆದವರು ನೀವು. ಗಡಿಯ ವಾದವೂ ನಿಮಗೆ ಗೊತ್ತು. ಅದಕ್ಕಾಗಿ ಬಸ್ಸಿಗೆ ಕಲ್ಲು ಬಿದ್ದ ದಿನಗಳೂ ಉಂಟು. ಆದರೂ ಆ ವಾದ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತೀರ್ಪು ತಡವಾಗಬಹುದು, ಬೇಸರ ತರಬಹುದು. ಆದರೆ ಎರಡೂ ಕಡೆಯವರು ಕೈಯಲ್ಲಿ ಕಾಗದ ಹಿಡಿದು ನಿಂತಿದ್ದಾರೆ, ಬಂದೂಕು ಹಿಡಿದಲ್ಲ. ಭಿನ್ನಾಭಿಪ್ರಾಯವೇ ಬಿರುಕಲ್ಲ. ಅದನ್ನು ಹೇಳಿಕೊಳ್ಳಲು ಇಬ್ಬರೂ ನಂಬುವ ಜಾಗವಿಲ್ಲದಿರುವುದು ಬಿರುಕು.

ನಾಳೆ ನಿಮ್ಮಲ್ಲಿ ಕೆಲವರು ಶಿಕ್ಷಕರಾಗುತ್ತೀರಿ, ಗುಮಾಸ್ತರಾಗುತ್ತೀರಿ, ಮತಗಟ್ಟೆಯ ಅಧಿಕಾರಿಗಳಾಗುತ್ತೀರಿ. ಈ ಕೆಲಸಗಳಲ್ಲಿ ವೀರಗಾಥೆಯೇನೂ ಇಲ್ಲ. ಆದರೆ ಮಾಡಿಗೆ ಹೊದಿಸುವ ಹೆಂಚುಗಳು ಇವೇ. ಮಳೆಗಾಲಕ್ಕೆ ಮುನ್ನ ಒಂದೊಂದನ್ನೂ ತಟ್ಟಿ ನೋಡುವ ಕೆಲಸ ನಿಮ್ಮದು.