ಗಾರೆಯಿಲ್ಲದ ಕಟ್ಟಡಗಳು

ಕಲ್ಲಿನ ಕಟ್ಟಡವೆಂದ ಕೂಡಲೆ ಕಲ್ಲಿನೊಡನೆ ಅದನ್ನು ಹಿಡಿದು ನಿಲ್ಲಿಸುವ ಗಾರೆಯೂ ನಮ್ಮ ನೆನಪಿಗೆ ಬರುವುದು. ಗಾರೆಯಿಲ್ಲದೆ ಗೋಡೆ ನಿಲ್ಲುವುದೇ ಎಂದು ಕೇಳಿದರೆ ಹೆಚ್ಚಿನವರು ಇಲ್ಲವೆಂದೇ ಹೇಳುವರು. ಆದರೆ ಮನುಷ್ಯನು ಕಟ್ಟಿದ ಕಟ್ಟಡಗಳಲ್ಲಿ ಬಹು ದೀರ್ಘಕಾಲ ಉಳಿದು ಬಂದಿರುವ ಕೆಲವು, ಒಂದು ಹಿಡಿ ಸುಣ್ಣವನ್ನೂ ಕಾಣದವು. ಅಂಥ ಕಟ್ಟಡಗಳ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ಹರಿಹರದಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ತುಂಗಭದ್ರೆಯನ್ನು ದಾಟಿದ ಮೇಲೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಈ ಮೂರು ಊರುಗಳು ಒಂದಾದ ಮೇಲೊಂದು ಬರುವುವು. ಬ್ಯಾಡಗಿಯ ಮೆಣಸಿನಕಾಯಿಯನ್ನು ಅರಿಯದವರಿಲ್ಲ. ಆದರೆ ಆ ಬೆಳೆಯ ಕೆಳಗಿರುವ ನೆಲವೂ ಪ್ರಸಿದ್ಧವಾದುದೇ. ಭೂವಿಜ್ಞಾನಿಗಳು ಧಾರವಾಡ ಶಿಲೆಗಳೆಂದು ಕರೆಯುವ, 250 ಕೋಟಿ ವರ್ಷಗಳಿಗೂ ಹಳೆಯದಾದ ಬಂಡೆಗಳು ಇಲ್ಲಿ ಹಬ್ಬಿವೆ. ಅವುಗಳಲ್ಲಿ ಒಂದು ಸಮುದಾಯಕ್ಕೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿರುವರು.

ಇಂಥ ನೆಲದಲ್ಲಿ ನಾವು ಒಮ್ಮೆ ಬ್ಯಾಡಗಿಯ ಸಮೀಪದ ಹೊಲವೊಂದರಲ್ಲಿ, ಕುಸಿದ ಬಾವಿಯ ಕಟ್ಟಣೆಯನ್ನು ಮರಳಿ ಕಟ್ಟುತ್ತಿದ್ದ ಮುದುಕನನ್ನು ಕಂಡೆವು. ಅವನ ಬಳಿ ಗಾರೆಯ ಬುಟ್ಟಿ ಇರಲಿಲ್ಲ. ಒಂದು ಕಲ್ಲನ್ನು ಎತ್ತಿಕೊಂಡು ಮೂರು ನಾಲ್ಕು ಸಲ ಹೊರಳಿಸಿ ನೋಡುವನು, ಆಮೇಲೆ ಇಡುವನು, ಒಮ್ಮೆ ಇಟ್ಟುದನ್ನು ಮತ್ತೆ ತೆಗೆಯನು. ಇಷ್ಟು ಹೊತ್ತು ಏನು ನೋಡುವೆಯೆಂದು ಕೇಳಲು, "ಕಲ್ಲಿಗೂ ಒಂದು ಮಾರಿ ಇರ್ತೈತ್ರೀ. ಅದರ ಮಾರಿ ನೋಡಿ ಕೂಡ್ರಸಬೇಕ್ರೀ" ಎಂದನು. ಸುಣ್ಣವನ್ನು ಏಕೆ ಹಾಕಲಿಲ್ಲವೆಂದುದಕ್ಕೆ ನಕ್ಕು, "ಸಂದಿ ಮುಚ್ಚಿದರ ನೀರು ಎಲ್ಲಿಂದ ಬರಬೇಕ್ರೀ?" ಎಂದನು. ಬಾವಿಯ ಗೋಡೆ ಮಣ್ಣನ್ನು ತಡೆಯಬೇಕು, ನೀರನ್ನು ಬಿಡಬೇಕು. ಈ ಎರಡು ಕೆಲಸವನ್ನೂ ಗಾರೆಯಿಲ್ಲದ ಕಲ್ಲು ಒಟ್ಟಿಗೆ ಮಾಡುವುದು.

ಈ ಕೆಲಸದ ನಿಯಮಗಳು ಕೆಲವೇ. ದೊಡ್ಡ ಕಲ್ಲು ಬುಡಕ್ಕೆ ಹೋಗಬೇಕು. ಸಂದಿನ ಮೇಲೆ ಸಂದು ಬರಬಾರದು. ಎರಡು ಕಲ್ಲುಗಳ ನಡುವಣ ಬಿರುಕನ್ನು ಮೇಲಿನ ಕಲ್ಲು ಮುಚ್ಚಬೇಕು. ಗೋಡೆಯ ಎರಡು ಮೈಗಳನ್ನೂ ಹಿಡಿಯುವಂತೆ ಅಲ್ಲಲ್ಲಿ ಉದ್ದನೆಯ ಕಲ್ಲುಗಳನ್ನು ಅಡ್ಡವಾಗಿ ಕೂಡಿಸಬೇಕು. ಒಳಗಿನ ತೆರವಿಗೆ ಚಕ್ಕೆಗಲ್ಲುಗಳನ್ನು ಬಿಗಿಯಾಗಿ ತುಂಬಬೇಕು. ಇಷ್ಟಾದರೆ ಕಲ್ಲಿನ ಭಾರವೇ ಗೋಡೆಗೆ ಗಾರೆಯಾಗುವುದು.

ಗೋಡೆಯೇನೋ ನಿಂತಿತು, ಮಾಡಿಗೆ ಏನು ಗತಿ? ಮರವೂ ಇಲ್ಲದೆ, ಗಾರೆಯೂ ಇಲ್ಲದೆ, ಬರಿಯ ಕಲ್ಲಿನಿಂದಲೇ ತಲೆಯ ಮೇಲೆ ಸೂರನ್ನು ಮಾಡಬಹುದೇ? ಇದಕ್ಕೆ ಉತ್ತರವನ್ನು ಹುಡುಕಿ ನಾವು ಬಹು ದೂರದ ಐರ್ಲೆಂಡ್ ದೇಶದ ಪಶ್ಚಿಮ ಕರಾವಳಿಗೆ ಹೋಗೋಣ. ಅಲ್ಲಿ ಕೆರಿ ಎಂಬ ಸೀಮೆಯಲ್ಲಿ ಜೇನುಗೂಡಿನ ಆಕಾರದ ಕಲ್ಲುಗುಡಿಸಲುಗಳಿವೆ. ಆ ನಾಡಿನವರು ಇವನ್ನು ಕ್ಲೋಖಾನ್ ಎಂದು ಕರೆಯುವರು. ಅಲ್ಲಿ ಗಾಳಿ ಬಲವಾದುದು, ಮರ ವಿರಳವಾದುದು, ಚಪ್ಪಟೆಯಾಗಿ ಸೀಳುವ ಕಲ್ಲು ಮಾತ್ರ ಬೇಕಾದಷ್ಟು. ಒಂದು ಸುತ್ತು ಕಲ್ಲಿಟ್ಟು, ಮುಂದಿನ ಸುತ್ತನ್ನು ತುಸು ಒಳಕ್ಕೆ ಚಾಚಿ ಇಡುವರು. ಅದರ ಮೇಲಿನದನ್ನು ಇನ್ನೂ ತುಸು ಒಳಕ್ಕೆ. ಪ್ರತಿಯೊಂದು ಕಲ್ಲಿನ ಬಾಲವೂ ಹಿಂದಿನ ಭಾರದಲ್ಲಿ ಹೂತಿರುವುದರಿಂದ ಮೂತಿ ಕೆಳಗೆ ಬಾಗದು. ಸುತ್ತುಗಳು ಕಿರಿದಾಗುತ್ತ ಹೋಗಿ, ಕೊನೆಗುಳಿದ ಕಿಂಡಿಯನ್ನು ಒಂದೆರಡು ಹಾಸುಗಲ್ಲುಗಳು ಮುಚ್ಚುವುವು. ಕಲ್ಲುಗಳನ್ನು ಹೊರಮುಖವಾಗಿ ಸ್ವಲ್ಪ ಓರೆಮಾಡಿರುವುದರಿಂದ ಮಳೆಯ ನೀರು ಒಳಗಿಳಿಯದೆ ಹೊರಕ್ಕೆ ಜಾರುವುದು.

ಸಮುದ್ರದಲ್ಲಿ ಸುಮಾರು 12 ಕಿಲೋಮೀಟರು ಒಳಗಿರುವ ಸ್ಕೆಲಿಗ್ ಮೈಕಲ್ ಎಂಬ ಕಡಿದಾದ ಬಂಡೆಯ ಮೇಲೆ, 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನೇರಿದ ಬಳಿಕ, ಸನ್ಯಾಸಿಗಳು ವಾಸವಾಗಿದ್ದ ಇಂಥ 6 ಕುಟೀರಗಳು ಸಾವಿರ ವರ್ಷಗಳಿಗೂ ಮಿಕ್ಕಿ ಬಿರುಗಾಳಿಯನ್ನು ಸಹಿಸಿ ನಿಂತಿವೆ. 1996ರಲ್ಲಿ ಆ ದ್ವೀಪವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಈ ವಿದ್ಯೆಯು ಸನ್ಯಾಸಿಗಳ ಸ್ವತ್ತು ಮಾತ್ರವಾಗಿರಲಿಲ್ಲ. ರೈತರೂ ತಮ್ಮ ದನಕರುಗಳಿಗೆ, ಸಾಮಾನುಗಳಿಗೆ ಇದೇ ರೀತಿಯ ಗುಡಿಸಲುಗಳನ್ನು ಈಚಿನವರೆಗೂ ಕಟ್ಟುತ್ತಿದ್ದರು.

ಇದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ದುಂಡನೆಯ ಗುಡಿಸಲಿನಲ್ಲಿ ಒಂದೊಂದು ಸುತ್ತಿನ ಕಲ್ಲುಗಳೂ ಒಂದನ್ನೊಂದು ಒತ್ತಿ ಹಿಡಿಯುವುವು. ಉದ್ದನೆಯ ಕಟ್ಟಡದಲ್ಲಿ ಆ ಪರಸ್ಪರ ಸಹಾಯವಿಲ್ಲ. ಅದೇ ಸೀಮೆಯ ಗ್ಯಾಲರಸ್ ಎಂಬಲ್ಲಿ, ಬೋರಲು ಹಾಕಿದ ದೋಣಿಯಂತಿರುವ ಪ್ರಾರ್ಥನಾಮಂದಿರವು ಬಹಳ ನೇರ್ಪಾಗಿ ಕಟ್ಟಿದ್ದಾದರೂ, ಅದರ ಮಾಡು ನಟ್ಟನಡುವೆ ತುಸು ತಗ್ಗಿದೆ. ಆ ಬಗೆಯ ಉಳಿದ ಮಂದಿರಗಳಲ್ಲಿ ಬಹುಪಾಲು ಕುಸಿದುಹೋಗಿವೆ.

ನಮ್ಮಲ್ಲಿ ಇಂಥ ಗುಡಿಸಲುಗಳು ಏಕಿಲ್ಲ? ಹಾವೇರಿಯ ಸುತ್ತಲಿನ ಒಕ್ಕಲಿಗನಿಗೆ ಮಣ್ಣು, ಮರ, ಹುಲ್ಲು ಕೈಗೆಟುಕುವಂತಿದ್ದುವು. ಮಣ್ಣಿನ ಮಾಳಿಗೆಯು ಬೇಸಗೆಯಲ್ಲಿ ತಂಪಾಗಿಯೂ ಇದ್ದಿತು. ಕಲ್ಲಿನ ಮಾಡನ್ನು ಅವನು ತನಗಾಗಿ ಬಯಸಲಿಲ್ಲ, ದೇವರಿಗೆ ಮೀಸಲಿಟ್ಟನು. ಹಾವೇರಿಯ ಪಶ್ಚಿಮಾಭಿಮುಖವಾದ ಸಿದ್ಧೇಶ್ವರ, ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಚೌಡದಾನಪುರದ ಮುಕ್ತೇಶ್ವರ, ವರದಾ ತುಂಗಭದ್ರೆಗಳ ಸಂಗಮದಲ್ಲಿರುವ ಗಳಗನಾಥದ ಗಳಗೇಶ್ವರ, ಇವೆಲ್ಲ ಚಾಲುಕ್ಯರ ಕಾಲದ ಶೈಲಿಯಲ್ಲಿ ಗಾರೆಯಿಲ್ಲದೆ ಕಟ್ಟಿದ ಗುಡಿಗಳು. ಈ ಬಗೆಯ ಗುಡಿಗಳ ಒಳಗೆ ನಿಂತು ಕತ್ತೆತ್ತಿ ನೋಡಿದರೆ, ಸುತ್ತಿನ ಮೇಲೆ ಸುತ್ತಾಗಿ ಒಳಕ್ಕೆ ಚಾಚಿ ಕೂಡುವ ಕಲ್ಲುಗಳನ್ನು ಕಾಣುವೆವು. ಶಿಲ್ಪವಿದ್ಯೆಯನ್ನು ಕುರಿತು ಬರೆದವರು ಇದನ್ನು ಕದಲಿಕಾಕರಣವೆಂದು ಕರೆಯುವರು. ಐರಿಷ್ ಸನ್ಯಾಸಿಯು ಒರಟುಗಲ್ಲಿನಲ್ಲಿ ಮಾಡಿದುದನ್ನು ನಮ್ಮ ರೂವಾರಿಯು ಸಂದು ಕಾಣದಂತೆ ಕಡೆದ ಬಳಪದ ಕಲ್ಲಿನಲ್ಲಿ ಮಾಡಿದನು. ಒಬ್ಬರನ್ನೊಬ್ಬರು ಕಂಡವರಲ್ಲ, ಕೇಳಿದವರಲ್ಲ; ಇಬ್ಬರಿಗೂ ಗುರುವಾದುದು ಕಲ್ಲಿನ ಭಾರವೇ.

ಗಳಗೇಶ್ವರನ ಗುಡಿಯಲ್ಲಿ ಇನ್ನೊಂದು ಪಾಠವುಂಟು. ಅದರ ವಿಮಾನದ ಬುಡದಲ್ಲಿ ಇಳಿಜಾರಾಗಿ ಹರಡಿದ ಭಾರಿ ಕಲ್ಲುಕಟ್ಟಣೆಯೊಂದಿದೆ. ಮೇಲಿನ ಭಾರಕ್ಕೆ ಒತ್ತಾಸೆಯಾಗಲೆಂದು ಇದನ್ನು ಕಟ್ಟಿರಬೇಕೆಂದು ಬಲ್ಲವರು ಅಭಿಪ್ರಾಯಪಟ್ಟಿರುವರು. ಕಲ್ಲಿಗೆ ಕಲ್ಲನ್ನೇ ನೆರವಿಗೆ ತಂದ ಕ್ರಮವದು.

ದೇವರಿಗಿಂತ ಮುಂಚೆ ಸತ್ತವರಿಗೂ ಈ ನಾಡಿನಲ್ಲಿ ಗಾರೆಯಿಲ್ಲದ ಮನೆಗಳನ್ನು ಕಟ್ಟಿದ್ದುಂಟು. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳಿವೆ. ಅಲ್ಲಿರುವ ಶಿಲಾಸ್ಮಾರಕಗಳೆಲ್ಲ ಸೇರಿ 400ರಷ್ಟಾಗುವುವು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಕೋಣೆಗಳನ್ನು ಜನರು ಮೋರೇರ ಮನೆಗಳೆನ್ನುವರು. ಕುಳ್ಳ ಜನರು ಇವುಗಳಲ್ಲಿ ವಾಸವಾಗಿದ್ದರೆಂದು ಕಥೆ ಹೇಳುವರು. 2021ರಲ್ಲಿ ಇದು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು.

ಈಗ ನಮ್ಮನ್ನು ಕಾಡುವ ಮಾತಿಗೆ ಬರೋಣ. ಇಂಥ ಕಟ್ಟಡದ ಒಂದು ಸಂದು ಬಿಚ್ಚಿತೆಂದರೆ ಇಂದು ಜನರು ಮೊದಲು ಹುಡುಕುವುದು ಸಿಮೆಂಟಿನ ಚೀಲವನ್ನು. ಭಕ್ತಿಯಿಂದಲೇ, ಸದುದ್ದೇಶದಿಂದಲೇ ಬಳಿಯುವರು. ಒಂದು ಹಳ್ಳಿಯ ಹಳೆಯ ಗುಡಿಯನ್ನು ಹೀಗೆ ದುರಸ್ತಿಮಾಡಿದುದನ್ನು ಕಂಡು ಹಿಗ್ಗಿದವರಲ್ಲಿ ನಾವೂ ಒಬ್ಬರು. ಕೆಲವು ಮಳೆಗಾಲಗಳು ಕಳೆದ ಮೇಲೆ ಹೋಗಿ ನೋಡಲು, ಸಿಮೆಂಟು ಗಟ್ಟಿಯಾಗಿಯೇ ಇದ್ದಿತು. ಅದರ ಅಂಚಿನ ಕಲ್ಲು ಪುಡಿಯಾಗಿ ಉದುರುತ್ತಿದ್ದಿತು. ಕಾರಣವು ಸ್ಪಷ್ಟ. ಹೊರಹೋಗುತ್ತಿದ್ದ ನೀರು ಒಳಗೇ ಸೆರೆಯಾಗುವುದು; ನೀರಿನಲ್ಲಿ ಕರಗಿದ ಉಪ್ಪು ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಅದನ್ನು ಒಡೆಯುವುದು; ನೆಲ ತುಸು ಅಲುಗಿದಾಗ ಸಂದು ಸರಿದುಕೊಡಲಾರದೆ ಕಲ್ಲೇ ಸೀಳುವುದು. ನಾವು ಅಂದು ಹಿಗ್ಗಿದುದನ್ನು ನೆನೆದು ಈಗ ನಾಚಿಕೆಪಡುತ್ತೇವೆ.

ಹಾಗಾದರೆ ಮಾಡತಕ್ಕುದೇನು? ಹೊಲದ ಬಾವಿಯಾಗಲಿ ಊರ ಕಟ್ಟೆಯಾಗಲಿ ಕುಸಿದರೆ, ಬಿದ್ದ ಕಲ್ಲುಗಳನ್ನು ಮಾರದೆ ಒಂದೆಡೆ ಕೂಡಿಡಬೇಕು. ಬಳಿಯುವ ಮುನ್ನ ಬಿಚ್ಚಿ ಮತ್ತೆ ಜೋಡಿಸಬಹುದೇ ಎಂದು ವಿಚಾರಿಸಬೇಕು. ಹಳೆಯ ಗುಡಿಯಾದರೆ ಪುರಾತತ್ತ್ವ ಇಲಾಖೆಗೆ ತಿಳಿಸದೆ ಕೈಯಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಲ್ಲಿನ ಮಾರಿ ನೋಡಬಲ್ಲ ಮುದುಕರು ಇನ್ನೂ ಇರುವಾಗಲೇ ಅವರ ಬಳಿ ಒಬ್ಬಿಬ್ಬರು ಹುಡುಗರನ್ನು ಕಲಿಯಲು ನಿಲ್ಲಿಸಬೇಕು, ಅವರಿಗೆ ತಕ್ಕ ಕೂಲಿಯನ್ನೂ ಕೊಡಬೇಕು. ಬಿದ್ದ ಗೋಡೆಯ ಕಲ್ಲುಗಳು ಅಲ್ಲೇ ಬಿದ್ದಿರುವುದರಿಂದ ಅದನ್ನು ಮರಳಿ ಕಟ್ಟಬಹುದು. ಕಟ್ಟುವ ಕೈಗಳೇ ಇಲ್ಲವಾದರೆ ಆ ಕಲ್ಲುಗಳು ಬರಿಯ ರಾಶಿಯಾಗಿ ಉಳಿಯುವುವು.

ಬ್ಯಾಡಗಿಯ ಆ ಬಾವಿಯನ್ನು ನಾವು ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ನೋಡಿದೆವು. ಮುದುಕನು ಇಟ್ಟ ಕಲ್ಲುಗಳು ಇಟ್ಟಲ್ಲಿಯೇ ಇದ್ದುವು. ಅವುಗಳ ಸಂದಿನಿಂದ ನೀರು ಸಣ್ಣಗೆ ಜಿನುಗುತ್ತಿದ್ದಿತು.